ಅವ್ವನ ಬಲಗೈ

ಮೊನ್ನೆ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿದೆ. ಆ ಹಬೆಯ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ರೊಟ್ಟಿ ನೆನಪಾಗುತ್ತದೆ, ನನಗೆ ತಂಗಿಯ ಕಾಲೇಜು. ನಗಬೇಡಿ, ಕಾರಣವಿದೆ.

ತಂಗಿ ಶೋಭಾ ತೊಂಬತ್ತರ ಆಸುಪಾಸಿನಲ್ಲಿ ಫಿಜಿಯೋಥೆರಪಿ ಓದಲು ಬೆಳಗಾವಿಗೆ ಹೋದಳು. ನಮ್ಮೂರು ಕರೋಶಿಯಲ್ಲಿ ಆ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. "ಕೈಕಾಲ ತಿಕ್ಕೂದ ಕಲಿಯಾಕ ಕಾಲೇಜ ಬೇಕೇನಬೇ? ನಮ್ಮ ಸೂಲಗಿತ್ತಿ ಯಾವ ಕಾಲೇಜಿಗೆ ಹೋಗ್ಯಾಳ?" ಎಂದು ಚಿಗವ್ವ ನಕ್ಕಳು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಾನೂ ನಕ್ಕೆ. ಆದರೆ ಕಾಲೇಜಿನ ಸೂಟಿಗೆ ಊರಿಗೆ ಬಂದಾಗಲೆಲ್ಲ ಅವಳ ಅಭ್ಯಾಸಕ್ಕೆ ನನ್ನ ಮೈಯೇ ಬೇಕು. ಹೊರಸಿನ ಮೇಲೆ ಬೋರಲು ಮಲಗಿಸಿ, ನನ್ನದೇ ಕಾಡಿಗೆಯಿಂದ ಬೆನ್ನಿನ ಎಲುಬು ಗುರುತು ಮಾಡುತ್ತಿದ್ದಳು. "ಅಲುಗಾಡಬ್ಯಾಡ ಅಕ್ಕಾ. ಎಲುಬ ಸಿಗವಲ್ದು, ಬರೇ ತುಪ್ಪ ಐತಿ."

ಅವಳ ಕೊನೆಯ ವರ್ಷದಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಮಡಿಲಲ್ಲಿ ಬಿದ್ದೇ ಇತ್ತು. ಅದೇ ಊರಿನ ಎರಡು ಓಣಿ ಆಚೆ ಗಂಡನ ಮನೆಯಲ್ಲಿದ್ದ ನಾನು ಅವಳನ್ನು ಕರೆತಂದು ಇಟ್ಟುಕೊಂಡೆ. ಶೋಭಾ ಆಗ ದವಾಖಾನೆಯಲ್ಲಿ ಇಂಥ ರೋಗಿಗಳ ನಡುವೆಯೇ ಕೆಲಸ ಕಲಿಯುತ್ತಿದ್ದಳು. ಶನಿವಾರ ಬಸ್ಸಿಳಿದು ಬಂದವಳೇ ನಾದಿದ ಹಿಟ್ಟಿನ ಮುದ್ದೆಯನ್ನು ಅವ್ವನ ಬಲ ಅಂಗೈಯಲ್ಲಿಟ್ಟು "ಒತ್ತು ಅವ್ವಾ" ಎನ್ನುವಳು. ಒಂದು ಶನಿವಾರ ಬೆರಳು ನಿಜವಾಗಿ ಒತ್ತಿತು. ಹಿಟ್ಟಿನಲ್ಲಿ ಮೂಡಿದ ಆ ಕುಳಿಯನ್ನು ನೋಡಿ ನಾವಿಬ್ಬರೂ ಅತ್ತೆವು.

"ಇನ್ನ ಮ್ಯಾಲ ಬಲಗೈಲೇ ಉಣ್ಣಲಿ. ಚೆಲ್ಲಲಿ, ಹೊತ್ತಾಗಲಿ. ನೀ ಮಾತ್ರ ತುತ್ತ ಮಾಡಿ ಬಾಯಾಗ ಇಡಬ್ಯಾಡ ಅಕ್ಕಾ."

ಹೂಂ ಎಂದೆ. ಅವಳ ಬಸ್ಸು ಹೋದ ಮೇಲೆ ಅವ್ವ ಊಟಕ್ಕೆ ಕೂತಳು. ಬೇಳೆ ಎದೆಯ ಮೇಲೆ ಸುರಿಯಿತು. "ಹಡದವ್ವಗ ಒಂದ ತುತ್ತ ತಿನ್ನಸಾಕ ಕೈ ನೋಯ್ತಾವೇನ ಇಕಿಗೆ?" ಎಂದು ನೆರೆಮನೆಯಾಕೆ ನನಗೆ ಕೇಳಿಸುವಂತೆಯೇ ಅಂದಳು. ನಾನು ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಿಸಿದೆ. ಮರುದಿನವೂ ತಿನ್ನಿಸಿದೆ. ಎಲ್ಲ ತಪ್ಪನ್ನೂ ನೆರೆಯಾಕೆಯ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಅವ್ವ ಕೂಸಿನಂತೆ ಬಾಯಿ ತೆರೆಯುತ್ತಿದ್ದಳು, ನನ್ನನ್ನೇ ನೋಡಿ ನಗುತ್ತಿದ್ದಳು. ಹೊಲ, ದನ, ಐದು ಮಕ್ಕಳ ನಡುವೆ ಅವಳು ಎಂದೂ ನನ್ನೆದುರು ಅಷ್ಟು ಹೊತ್ತು ಕೂತಿರಲಿಲ್ಲ. ನನಗದು ಬೇಕಾಗಿತ್ತು. ಶನಿವಾರ ಶೋಭಾ ಬಂದರೆ ಮಾತ್ರ ಅವ್ವನ ಬಲಗೈಯನ್ನು ತಾಟಿನಲ್ಲಿ ಇಡುತ್ತಿದ್ದೆ.

ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು, ಮತ್ತೆ ಬಿಚ್ಚಲಿಲ್ಲ. "ಹೇಳಿದ್ದೆಲ್ಲಾ ಮಾಡೀರಿ, ಆದರೂ ಕೈ ಬರಲಿಲ್ಲ. ನನ್ನ ಕೈಗುಣಾನ ಸರಿ ಇಲ್ಲ ಅಕ್ಕಾ" ಎಂದು ಶೋಭಾ ಅತ್ತಳು. ನಾನು ಚಹಾ ಮಾಡಿಕೊಟ್ಟೆ. ಅದೊಂದೇ ಮಾಡಿದ್ದು.

ಅವ್ವ ಹೋದ ಮೇಲೆ ಶೋಭಾ ಚಿಕ್ಕೋಡಿಯಲ್ಲಿ ಕ್ಲಿನಿಕ್ಕು ತೆರೆದಳು. ಮೊಣಕಾಲು, ಸೊಂಟ, ಕುತ್ತಿಗೆ ಎಲ್ಲ ನೋಡುತ್ತಾಳೆ. ಲಕ್ವಾ ಎಂದರೆ ಮಾತ್ರ, "ನನ್ನಿಂದ ಆಗೂದಿಲ್ರಿ, ಮಿರಜಿನ ದೊಡ್ಡ ದವಾಖಾನಿಗೆ ಒಯ್ರಿ." ಇಷ್ಟು ವರ್ಷ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ನಾನು ಅದನ್ನು ಕೇಳಿದ್ದೇನೆ.

ಮೊನ್ನೆ ಆ ಬಿಸಿ ರೊಟ್ಟಿಯನ್ನು ಶೋಭಾಗೆ ಬಡಿಸಿ, ಎಲ್ಲ ಹೇಳಿಬಿಟ್ಟೆ. ಅವಳು ತಲೆ ಎತ್ತದೆ ಉಂಡಳು.

"ಅವ್ವ ನಗತಿದ್ದಳೇನ?"

"ಹೂಂ."

"ಭಾಳ ಹಲಕಟ್ ಅದೀ ನೀ," ಎಂದು ಕೈ ತೊಳೆಯಲು ಎದ್ದಳು.

ಇವತ್ತು ನಾನು ಕ್ಲಿನಿಕ್ಕಿಗೆ ಡಬ್ಬಿ ಒಯ್ದ ಹೊತ್ತಿಗೆ ರಾಯಬಾಗ ಕಡೆಯ ಒಬ್ಬ ಅಜ್ಜನನ್ನು ಎತ್ತಿಕೊಂಡು ಬಂದರು. ಲಕ್ವಾ. ಶೋಭಾ ಮಿರಜಿನ ಮಾತೆತ್ತದೆ ಮಂಚ ತೋರಿಸಿದಳು. ಅಜ್ಜನ ಹೆಂಡತಿ ಆಗಲೇ ಬುತ್ತಿಯ ಗಂಟು ಬಿಚ್ಚಿ, ಅವನ ಬಾಯಿಗಿಡಲು ತುತ್ತು ಕಟ್ಟಿದ್ದಳು. ಶೋಭಾ ನನ್ನ ಕಡೆ ತಿರುಗಿದಳು. "ಅಕ್ಕಾ, ಅಜ್ಜಾ ನನ್ನ ಪೇಶಂಟ. ಈಯಮ್ಮ ನಿನ್ನ ಪೇಶಂಟ. ಹೊರಗ ಕರಕೊಂಡ ಹೋಗು."

ಹೊರಗಿನ ಮರದ ಬಾಕಿನ ಮೇಲೆ ಕೂರಿಸಿ, ಅಜ್ಜ ತನ್ನ ಕೈಯಿಂದಲೇ ಉಣ್ಣಲಿ, ನೀವು ತಿನ್ನಿಸಬೇಡಿ ಎಂದರೆ ಆಕೆ ಸಿಟ್ಟಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತಿನ್ನಸಬ್ಯಾಡ ಅನ್ನಾಕ ನೀವೇನ ಡಾಕ್ಟರೇನ್ರಿ?"

"ಅಲ್ರೀಯವ್ವಾ," ಅಂದೆ. "ನಾ ತಿನ್ನಿಸಿದಾಕಿ."