ದಿನಕ್ಕೆ ಆರು ಸಲ

ಆಸ್ಪತ್ರೆಯಲ್ಲಿ ಚಮಚದಕ್ಕ ಎಂದು ಹೆಸರಾಗುವ ಮೊದಲು ಆಕೆ ಬರೀ ಗಾಡಿಯಕ್ಕ. ಅಡುಗೆಮನೆಯಿಂದ ವಾರ್ಡಿಗೆ ಊಟದ ತಟ್ಟೆ ಒಯ್ಯುವುದು, ಖಾಲಿಯಾದದ್ದನ್ನು ತರುವುದು. ಹತ್ತೊಂಬತ್ತು ವರ್ಷದಿಂದ ಅದೇ ತಳ್ಳುಗಾಡಿ, ಅದೇ ಇಳಿಜಾರು. ಮಂಡಿನೋವು ಮಾತ್ರ ಈಚಿನದು.

ಆ ವರ್ಷ ವೈರಸ್ ಶ್ವಾಸಕೋಶಕ್ಕೆ ಇಳಿದವರಿಂದ ವಾರ್ಡು ತುಂಬಿತು. ತಟ್ಟೆಗಳು ಹೋದ ಹಾಗೇ ವಾಪಸ್ ಬರತೊಡಗಿದವು. ಕಾಯಿಲೆಯವರಿಗೆ ಹಸಿವೆಲ್ಲಿಂದ ಬರಬೇಕು ಎಂದುಕೊಂಡು ಆಕೆಯೂ ಎಲ್ಲವನ್ನೂ ಬಕೆಟ್ಟಿಗೆ ಸುರಿದು ಕೈತೊಳೆದುಕೊಳ್ಳುತ್ತಿದ್ದಳು.

ಕಿಟಕಿಯ ಪಕ್ಕ ಒಬ್ಬ ದರ್ಜಿ ಮಲಗಿದ್ದರು. ಎರಡು ವಾರದಲ್ಲಿ ಪೈಜಾಮದ ಲಾಡಿಯನ್ನು ಮೂರು ಸಲ ಬಿಗಿ ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಅವರು ಆಮ್ಲಜನಕದ ಮಾಸ್ಕ್ ಸರಿಸಿ ಒಂದು ತುತ್ತು ಬಾಯಿಗಿಟ್ಟು, ಏದುಸಿರು ಬಂದು, ಮತ್ತೆ ಮಾಸ್ಕ್ ಎಳೆದುಕೊಂಡದ್ದನ್ನು ಆಕೆ ಕಂಡಳು. ತುತ್ತು ಇನ್ನೂ ಕೆನ್ನೆಯಲ್ಲೇ ಇತ್ತು.

"ಯಾಕೆ ಬಿಟ್ರಿ ಅಣ್ಣ?"

"ಅಗೀಲಾ, ಉಸಿರಾಡ್ಲಾ? ಎರಡರಲ್ಲಿ ಒಂದು ಹೇಳಮ್ಮ."

ಆಕೆ ಹೋಗಿ ನರ್ಸನ್ನು ಕರೆತಂದಳು. ನರ್ಸು ಮಾಸ್ಕ್ ತೆಗೆದು ಮೂಗಿಗೆ ಆಮ್ಲಜನಕದ ಸಣ್ಣ ನಳಿಕೆ ಹಾಕಿ, ತಲೆದಿಂಬು ಎತ್ತರಿಸಿದಳು. ಗಾಡಿಯಕ್ಕ ಬೇಯಿಸಿದ ಮೊಟ್ಟೆಯನ್ನು ಸೂಪಿನಲ್ಲಿ ನುಣ್ಣಗೆ ಕಿವುಚಿ ಮೂರು ಚಮಚ ಕೊಟ್ಟು ನಿಲ್ಲಿಸಿದಳು. ಉಸಿರು ತಹಬಂದಿಗೆ ಬಂದ ಮೇಲೆ ಮತ್ತೆ ಮೂರು.

"ರುಚಿ ಗೊತ್ತಾಗ್ತಿದೆಯಾ?"

"ಒದ್ದೆ ಕಾಗದ ತಿಂದ ಹಾಗಿದೆ."

"ಕಾಗದ ಅಂತಲೇ ನುಂಗಿ."

ಅವರು ನಗಲು ಹೋಗಿ ಕೆಮ್ಮಿದರು. ನರ್ಸು ಗಾಡಿಯಕ್ಕನನ್ನು ದುರುಗುಟ್ಟಿ ನೋಡಿದಳು. ಅರ್ಧ ಬಟ್ಟಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಇನ್ನೂ ಇಪ್ಪತ್ತಾರು ಹಾಸಿಗೆಗಳು ಕಾಯುತ್ತಿದ್ದವು.

ರೋಗಿಗಳ ಆಹಾರ ನಿಗದಿಮಾಡುವ ಮೇಡಂ ಬಳಿ ಆಕೆ ಹೇಳಿದಳು: "ಒಂದೇ ಸಲ ಅಷ್ಟೊಂದು ಬೇಡ ಮೇಡಂ. ಸ್ವಲ್ಪ ಸ್ವಲ್ಪ, ಆರು ಸಲ ಕೊಡೋಣ. ಅಗಿಯೋ ಕೆಲಸ ಇರಬಾರದು."

"ಆರು ಸಲ ಗಾಡಿ ತಳ್ಳೋರು ಯಾರು?"

ಮರುವಾರ ಆರು ಸಲದ ಆದೇಶ ಬಂತು, ಗಾಡಿ ತಳ್ಳಲು ಹೆಚ್ಚಿನ ಜನ ಮಾತ್ರ ಬರಲಿಲ್ಲ. "ಬೇಕಿತ್ತಾ ನಿನಗೆ?" ಎಂದಳು ಅಡುಗೆಯವಳು, ಹಾಲಿನಲ್ಲಿ ಬಾಳೆಹಣ್ಣು ಕಡೆಯುತ್ತ.

ದರ್ಜಿಯ ತೂಕ ಇಳಿಯುವುದು ನಿಂತಿತು. ಆರು ಸಲದ ಊಟ ಶುರುವಾದ ಹನ್ನೆರಡನೆಯ ದಿನ ಗೋಡೆ ಹಿಡಿದು ಬಚ್ಚಲಿಗೆ ನಡೆದರು, ಆಮೇಲೆ ಮನೆಗೂ ಹೋದರು. ಆದರೆ ಬಾಗಿಲ ಬಳಿಯ ಅಜ್ಜಿ, ಕೊಟ್ಟಷ್ಟನ್ನೂ ಮಗುವಿನ ಹಾಗೆ ತಿನ್ನುತ್ತಿದ್ದವರು, ಒಂದು ಮಧ್ಯಾಹ್ನ ಅರ್ಧ ಬಟ್ಟಲು ಉಳಿಸಿ ತೀರಿಕೊಂಡರು. ಆ ಬಟ್ಟಲನ್ನು ಎಲ್ಲಿಡಬೇಕೆಂದು ತೋಚದೆ ಆಕೆ ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಸಂಜೆ ಮನೆಯಲ್ಲಿ ಬಡಿಸಿದ ತಟ್ಟೆಗೆ ಕೈ ಹಾಕದೆ ಕೂತಳು.

"ಊರಿಗೆಲ್ಲ ತಿನ್ನಿಸಿ ಬಂದು ನೀನು ಉಪವಾಸ ಬೀಳ್ತೀಯಾ ಅಮ್ಮ?" ಎಂದಳು ಮಗಳು.

"ಕೈ ಎತ್ತೋಕಾಗ್ತಿಲ್ಲ ಕಣೇ."

ಮಗಳು ತುತ್ತು ಕಲಸಿ ಬಾಯಿಗಿಟ್ಟಳು. ಆಕೆ ಕಣ್ಣುಮುಚ್ಚಿ ನುಂಗಿದಳು.

ಎರಡು ತಿಂಗಳ ಮೇಲೆ ತಿನ್ನಿಸಲು ಇನ್ನಿಬ್ಬರನ್ನು ಕೊಟ್ಟರು. ಅಷ್ಟೊತ್ತಿಗೆ ವಾರ್ಡು ಅರ್ಧ ಖಾಲಿಯಾಗಿತ್ತು. ಆಕೆ ಮೂರು ದಿನ ರಜೆ ಹಾಕಿ ನಿದ್ದೆ ಮಾಡಿದಳು.