ರಿಯಾಯಿತಿಯ ವಿದ್ಯಾರ್ಥಿ

ಐವತ್ತೇಳನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ಬೆನ್ನಿಗೆ ಚೀಲ ಹಾಕಿಕೊಂಡು ಕಾಲೇಜಿಗೆ ಹೊರಟರೆ ನೋಡಿದವರು ಅವನ ಜ್ಞಾನದಾಹವನ್ನು ಹೊಗಳುತ್ತಾರೆ. ನನ್ನನ್ನೂ ಹೊಗಳಿದರು. ಅಮೆರಿಕದ ಆಶ್‌ಬರ್ನ್ ಊರಿನ ನಮ್ಮ ಕನ್ನಡಿಗರ ಕೂಟದಲ್ಲಿ ಒಬ್ಬ ಮಹನೀಯರು ತಮ್ಮ ಮಗಳಿಗೆ ನನ್ನನ್ನು ತೋರಿಸಿ, “ನೋಡಮ್ಮ ಅಂಕಲ್‌ನ, ಈ ವಯಸ್ಸಲ್ಲೂ ಎಷ್ಟು ಇಂಟರೆಸ್ಟು” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಜೀವನದಲ್ಲಿ ಅಷ್ಟು ಅಸಲಿ ವಿನಯ ನನ್ನಲ್ಲಿ ಹಿಂದೆಂದೂ ಮೂಡಿದ್ದಿಲ್ಲ. ಏಕೆಂದರೆ ನಾನು ಕಾಲೇಜಿಗೆ ಸೇರಿದ್ದು ತೆರಿಗೆ ಉಳಿಸುವುದಕ್ಕೆ.

ನಮ್ಮ ಮನೆಯ ಗ್ಯಾರೇಜನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಅಲ್ಲಿ ಕಾರಿಗೆ ಜಾಗವಿಲ್ಲ. ಕೂಪನ್ ಇತ್ತೆಂದು ತಂದ ಡಿಟರ್ಜೆಂಟ್ ಡಬ್ಬಗಳು, ಒಂದು ಕೊಂಡರೆ ಒಂದು ಉಚಿತವೆಂದು ತಂದ ಸೂಟ್‌ಕೇಸುಗಳು, ಬೇಸಿಗೆ ಮುಗಿದ ಮೇಲೆ ಅರ್ಧ ಬೆಲೆಗೆ ಸಿಕ್ಕ ಛತ್ರಿಯಿರುವ ಮೇಜು, ಎಲ್ಲವೂ ಅಲ್ಲಿ ಸುಖವಾಗಿವೆ. ಕಾರು ಹಿಮದಲ್ಲಿ ನಿಲ್ಲುತ್ತದೆ. ಬೇಕಾದ ವಸ್ತುವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದು ಸೋಲು, ಬೇಡದ ವಸ್ತುವನ್ನು ರಿಯಾಯಿತಿಯಲ್ಲಿ ಕೊಳ್ಳುವುದು ಜಾಣತನ ಎಂಬ ಸಿದ್ಧಾಂತದ ಮೇಲೆ ನಮ್ಮ ಸಂಸಾರ ನಿಂತಿದೆ. ಹೀಗಿರುವಾಗ ವಿದ್ಯೆಗೂ ರಿಯಾಯಿತಿ ಉಂಟೆಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದು ಹೇಗೆ?

ಹೇಳಿದವನು ಶ್ರೀಪತಿ. ನನ್ನ ಹಳೆಯ ಗೆಳೆಯ, ಎರಡು ಬೀದಿ ಆಚೆ ಮನೆ. ಹೊಟ್ಟೆಪಾಡಿಗೆ ಡೇಟಾ ಸೆಂಟರುಗಳನ್ನು ತಂಪಾಗಿಡುವ ಕೆಲಸ. ಆತ್ಮತೃಪ್ತಿಗೆ, ಪ್ರತಿ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸ್ನೇಹಿತರ ತೆರಿಗೆ ಲೆಕ್ಕ ಮಾಡಿಕೊಡುತ್ತಾನೆ. ದಕ್ಷಿಣೆ ಒಂದು ಊಟ. ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಮನೆಯಲ್ಲಿ ಹೋಳಿಗೆಯ ಮುಂದೆ ಕುಳಿತಿದ್ದಾಗ ಅವನಿಗೆ ಈ ಬುದ್ಧಿ ಹೊಳೆಯಿತು.

“ರಾಮು, ನೀನು ಯಾಕೆ ಒಂದೆರಡು ಕೋರ್ಸ್ ತಗೋಬಾರ್ದು? ಒಂದಕ್ಕೆ ನಿನ್ನ ಕಂಪನಿ ಕೊಡತ್ತೆ. ಇನ್ನೊಂದಕ್ಕೆ ಟ್ಯಾಕ್ಸ್ ಕ್ರೆಡಿಟ್ ತಗೋ. ಫುಲ್‌ಟೈಮ್ ಕೆಲಸ ಮಾಡ್ಕೊಂಡೇ ಓದಬಹುದು. ಡಿಗ್ರಿ ಮುಗಿಸ್ಲೇಬೇಕು ಅಂತಾನೂ ಇಲ್ಲ.”

“ಎಷ್ಟು ವರ್ಷ ಕೊಡ್ತಾರೆ?” ಎಂದೆ.

“ಜೀವ ಇರೋವರೆಗೂ. ಅದರ ಹೆಸರೇ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ಟು.”

ತುಪ್ಪ ಬಡಿಸುತ್ತಿದ್ದ ನನ್ನ ಹೆಂಡತಿ ವತ್ಸಲಾ ನಿಂತಳು. “ಜೀವ ಇರೋವರೆಗೂ ಅಂತ ಹೇಳ್ಬೇಡಿ ಶ್ರೀಪತಿ. ಫ್ರೀ ರೀಫಿಲ್ ಅಂದ್ರೇನೇ ಇವರು ಹೊಟ್ಟೆ ನೋವು ಬರೋವರೆಗೂ ಬಿಡಲ್ಲ.”

ತಿಳಿಯದವರಿಗಾಗಿ ಒಂದು ಮಾತು. ತೆರಿಗೆಯ ಲೋಕದಲ್ಲಿ ಕರುಣೆ ಎರಡು ರೂಪಗಳಲ್ಲಿ ಅವತರಿಸುತ್ತದೆ. ಡಿಡಕ್ಷನ್ ಎಂದರೆ ನಿಮ್ಮ ಸಂಬಳದ ಒಂದು ಭಾಗವನ್ನು ಸರ್ಕಾರ ನೋಡಿಯೂ ನೋಡದಂತೆ ಮುಖ ತಿರುಗಿಸುವುದು. ಕ್ರೆಡಿಟ್ ಎಂದರೆ ಲೆಕ್ಕವೆಲ್ಲ ಮುಗಿದು ಕಟ್ಟಬೇಕಾದ ತೆರಿಗೆ ಎದುರಿಗೆ ಬಂದಾಗ, “ಹೋಗಲಿ, ಇಷ್ಟು ಬಿಟ್ಟುಬಿಡಿ” ಎಂದು ಅದರಲ್ಲೇ ಒಂದಷ್ಟನ್ನು ಕಳೆಯುವುದು. ಮೊದಲನೆಯದು ದಾಕ್ಷಿಣ್ಯ, ಎರಡನೆಯದು ಔದಾರ್ಯ. ಓದಿನ ಶುಲ್ಕಕ್ಕೆ ಹಿಂದೆ ದಾಕ್ಷಿಣ್ಯದ ದಾರಿಯೂ ಇತ್ತಂತೆ. ನಾನು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅದನ್ನು ಮುಚ್ಚಿದ್ದರು. ಇನ್ನು ಕಂಪನಿ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ, ಆದರೆ ಅದೇ ಹಣವನ್ನು ತೋರಿಸಿ ಸರ್ಕಾರದ ಕ್ರೆಡಿಟ್ ಕೇಳುವಂತಿಲ್ಲ. ಒಂದೇ ಹೋಳಿಗೆಗೆ ಎರಡು ಪಂಕ್ತಿಯಲ್ಲಿ ತುಪ್ಪ ಹಾಕಿಸಿಕೊಳ್ಳಬಾರದು ಎಂದು ಶ್ರೀಪತಿ ಎಲೆಯನ್ನೇ ತೋರಿಸಿ ವಿವರಿಸಿದ.

ವಿದ್ಯೆಗೆ ತೆರಿಗೆಯ ಮಾಫಿ ನಮಗೇನೂ ಹೊಸದಲ್ಲ. ನಮ್ಮ ಕಡೆಯ ಹಳೆಯ ಶಾಸನಗಳಲ್ಲಿ ರಾಜರು ವಿದ್ವಾಂಸರಿಗೆ ಊರನ್ನೇ ಸರ್ವಮಾನ್ಯವಾಗಿ, ಅಂದರೆ ಎಲ್ಲ ತೆರಿಗೆ ಬಿಟ್ಟು, ಧಾರೆಯೆರೆದಿದ್ದಾರೆ. ಕಲ್ಲಿನ ಕೊನೆಯಲ್ಲಿ ಒಂದು ಶಾಪವೂ ಇರುತ್ತದೆ: ಈ ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟಲಿ ಎಂದು. ಅಮೆರಿಕದ ತೆರಿಗೆ ಪತ್ರದ ಕೊನೆಯಲ್ಲೂ ಅಂಥದೊಂದು ಶಾಪವಿದೆ. ಸುಳ್ಳು ಬರೆದಿದ್ದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಸಹಿ ಹಾಕಬೇಕು. ವ್ಯತ್ಯಾಸ ಇಷ್ಟೆ. ಅಲ್ಲಿ ಶಾಪ ಕಿತ್ತುಕೊಳ್ಳುವವನಿಗೆ, ಇಲ್ಲಿ ಪಡೆಯುವವನಿಗೆ. ಇನ್ನೊಂದು ವಿಷಯದಲ್ಲಿ ಮಾತ್ರ ಈ ದೇಶ ನಮ್ಮ ಪೂರ್ವಿಕರನ್ನು ಮೀರಿಸಿದೆ. ಅವರು ಬ್ರಹ್ಮಚರ್ಯ ಮುಗಿಸಿ ಗೃಹಸ್ಥನಾಗು ಎಂದರು. ಇಲ್ಲಿ ಎರಡೂ ಆಶ್ರಮಗಳನ್ನು ಒಂದೇ ವರ್ಷ, ಒಂದೇ ಜಂಟಿ ರಿಟರ್ನಿನಲ್ಲಿ, ಹೆಂಡತಿಯ ಸಹಿಯೊಂದಿಗೆ ನಡೆಸಬಹುದು.

ಲಕ್ಷ್ಮಿಯ ಹಬ್ಬದ ದಿನ, ಲಕ್ಷ್ಮಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು, ಸರಸ್ವತಿಯ ಬಾಗಿಲು ತಟ್ಟಿದೆ. ಫೇರ್‌ಫ್ಯಾಕ್ಸ್‌ನಲ್ಲಿ ನನ್ನ ಕಚೇರಿಗೆ ಹತ್ತಿರದಲ್ಲೇ ವಿಶ್ವವಿದ್ಯಾಲಯ. ಗುರುವಾರ ಸಂಜೆ ಸಂಖ್ಯಾಶಾಸ್ತ್ರದ ತರಗತಿ. ನನ್ನ ಕಂಪನಿ ಸರ್ಕಾರಕ್ಕೆ ರಸ್ತೆ ಸಂಚಾರದ ವರದಿಗಳನ್ನು ತಯಾರಿಸುತ್ತದೆ. ಬೆಲ್ಟ್‌ವೇ ಹೆದ್ದಾರಿಯಲ್ಲಿ ವಾಹನಗಳ ಸರಾಸರಿ ವೇಗ ಎಷ್ಟೆಂದು ಬರೆಯುವವನು ನಾನು, ಅದೇ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಆ ಸರಾಸರಿಯನ್ನು ಕೆಳಗೆ ಎಳೆಯುವವನೂ ನಾನೇ. ಹಾಗಾಗಿ ಸಂಖ್ಯಾಶಾಸ್ತ್ರ ಕೆಲಸಕ್ಕೆ ಉಪಯೋಗವೆಂದು ಕಂಪನಿ ಒಪ್ಪಿತು. ಶೈಕ್ಷಣಿಕ ವರ್ಷಕ್ಕೆ ಒಂದು ಕೋರ್ಸಿನ ಶುಲ್ಕ, ಬಿ ದರ್ಜೆ ಬಂದರೆ ಮಾತ್ರ.

ಮೊದಲ ದಿನವೇ ಎಡವಟ್ಟಾಯಿತು. ಪಾಠ ಮಾಡುವಾಕೆ ಒಳಗೆ ಬಂದರು. ನಾನು ಎದ್ದು ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ, ಕಾಲು ತಾನಾಗಿ ಎದ್ದಿತು. ಮೇಷ್ಟರು ಒಳಗೆ ಬಂದರೆ ಏಳುವುದನ್ನು ನನ್ನ ಕಾಲುಗಳು ಮೈಸೂರಿನ ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು, ಮೂವತ್ತು ವರ್ಷ ಅಮೆರಿಕದಲ್ಲಿದ್ದರೂ ಮರೆತಿರಲಿಲ್ಲ. ಸುತ್ತ ನೋಡಿದರೆ ಉಳಿದವರೆಲ್ಲ ಕುಳಿತಿದ್ದಾರೆ. ಒಬ್ಬಾಕೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಳೆ. ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಆ ಪ್ರೊಫೆಸರ್ ನನ್ನನ್ನು ನೋಡಿ ನಕ್ಕು, ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು.

ಗೌರವಕ್ಕಾಗಿ ನಿಂತೆ ಎಂದು ಹೇಳಲು ನಾಚಿಕೆಯಾಯಿತು. ಸುಮ್ಮನೆ ಕುಳಿತರೆ ಇನ್ನೂ ನಾಚಿಕೆ. ಬಾಯಿಗೆ ಬಂದದ್ದನ್ನು ಕೇಳಿದೆ: “ಸರಾಸರಿ ಮನುಷ್ಯ ಅಂತ ಎಲ್ಲರೂ ಹೇಳುತ್ತಾರಲ್ಲ, ಅವನನ್ನು ಯಾರಾದರೂ ನೋಡಿದ್ದಾರೆಯೇ?”

ಆಕೆ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟು ನನ್ನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು. ಅಂದಿನ ಪಾಠವೆಲ್ಲ ಅದರ ಮೇಲೆಯೇ ನಡೆಯಿತು.

ಮುಂದಿನ ಗುರುವಾರ ಕಾಲುಗಳಿಗೆ ಬುದ್ಧಿ ಹೇಳಿಕೊಂಡೇ ಹೋದೆ. ಆಕೆ ಬಂದರು, ಕಾಲು ಎದ್ದವು. “ಹಾಂ, ಇವತ್ತಿನ ಪ್ರಶ್ನೆ?” ಎಂದರು. ಅಲ್ಲಿಂದ ನನಗೆ ಬೇರೆ ಗತಿಯಿರಲಿಲ್ಲ. ಏಳುವುದನ್ನು ನಿಲ್ಲಿಸಲಾಗದವನು ಪ್ರಶ್ನೆಯೊಂದನ್ನು ಸಿದ್ಧಮಾಡಿಕೊಂಡು ಹೋಗಲೇಬೇಕು. ದಡ್ಡ ಪ್ರಶ್ನೆ ಕೇಳಿದರೆ ಮೂವತ್ತು ಜನ ಹುಡುಗ ಹುಡುಗಿಯರ ಮುಂದೆ ಮಾನ ಹೋಗುತ್ತದೆ. ಜಾಣ ಪ್ರಶ್ನೆ ಕೇಳಬೇಕಾದರೆ ಪುಸ್ತಕ ಓದಬೇಕು. ಹೀಗೆ ಬರಿಯ ಮಾನರಕ್ಷಣೆಗಾಗಿ ಓದತೊಡಗಿದೆ. ಹೆಸರು ಹಿಡಿದು ಕರೆಯಿರಿ ಎಂದು ಆಕೆ ಎಷ್ಟು ಹೇಳಿದರೂ ನಾಲಿಗೆ ಏಳದೆ “ಡಾನಾ ಮೇಡಂ” ಎಂದು ರಾಜಿ ಮಾಡಿಕೊಂಡೆ. ಚಳಿಗಾಲ ಬರುವ ಹೊತ್ತಿಗೆ ತರಗತಿಯವರೆಲ್ಲ ಆಕೆಯನ್ನು ಡಾನಾ ಮೇಡಂ ಎನ್ನುತ್ತಿದ್ದರು. ಬಿ ಸಾಕಾಗಿದ್ದವನಿಗೆ ಎ ಬಂತು. ಅಷ್ಟು ಹೆಚ್ಚುವರಿ ಅಂಕ ವ್ಯರ್ಥವಾಯಿತಲ್ಲ ಎಂದು ಒಂದು ಕ್ಷಣ ನನ್ನ ಗ್ಯಾರೇಜ್ ಬುದ್ಧಿ ಮರುಗಿದ್ದೂ ನಿಜ.

ಆ ಕೋರ್ಸಿನ ಮುಂದುವರಿದ ಭಾಗ ಜನವರಿಯಲ್ಲಿ, ಮತ್ತೆ ಗುರುವಾರವೇ, ಡಾನಾ ಮೇಡಂ ಅವರದೇ. ಶುಲ್ಕವನ್ನು ಡಿಸೆಂಬರ್‌ನಲ್ಲೇ ಕಟ್ಟು, ಆಗ ಅದು ಈ ವರ್ಷದ ಲೆಕ್ಕಕ್ಕೇ ಸೇರುತ್ತದೆ ಎಂದು ಶ್ರೀಪತಿ ಮುಹೂರ್ತ ನೋಡಿಕೊಟ್ಟ. ಕಟ್ಟಿದೆ. ಈ ಕೋರ್ಸು ನನ್ನದೇ ಖರ್ಚು. ಆದ್ದರಿಂದಲೇ ಇದಕ್ಕೆ ಕ್ರೆಡಿಟ್ಟು. ಇಷ್ಟು ದಿನ ಕಾದ ಫಲ ಇದೇ.

ಫೆಬ್ರವರಿ ಮೊದಲ ಭಾನುವಾರ ಶ್ರೀಪತಿ ಬಿಸಿಬೇಳೆಬಾತ್ ಮುಗಿಸಿ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ನನ್ನ ಸಂಬಳ ತುಂಬಿದ. ವತ್ಸಲಾಳದನ್ನು ತುಂಬಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಅತ್ತಿಗೆ, ನಿಮಗೆ ವರ್ಷದ ಕೊನೇಲಿ ಬೋನಸ್ ಏನಾದ್ರೂ ಬಂತಾ?”

“ಬಂತಲ್ಲ! ಪ್ರಮೋಷನ್ ಆದ್ಮೇಲೆ ಮೊದಲನೇದು. ಇವರ ಬ್ಯಾಕ್‌ಪ್ಯಾಕ್ ಅದರಲ್ಲೇ ತಂದಿದ್ದು. ಯಾಕೆ?”

“ಕಂಗ್ರಾಜುಲೇಷನ್ಸ್. ನಿಮ್ಮ ಯಜಮಾನ್ರ ಕ್ರೆಡಿಟ್ ಹೋಯ್ತು.”

ಕ್ರೆಡಿಟ್ಟಿಗೆ ಆದಾಯದ ಒಂದು ಗೆರೆ ಇದೆ. ಗಂಡ ಹೆಂಡತಿಯ ಗಳಿಕೆ ಸೇರಿ ಅದನ್ನು ದಾಟಿದರೆ ಔದಾರ್ಯ ಬೆಣ್ಣೆಯಂತೆ ಕರಗುತ್ತಾ ಹೋಗಿ ಕೊನೆಗೆ ಮಾಯವಾಗುತ್ತದೆ. ನಾವು ಕರಗುವ ಭಾಗವನ್ನೂ ಹಾರಿ ಆಚೆ ಬಿದ್ದಿದ್ದೆವು. ವತ್ಸಲಾ ರೆಸ್ಟನ್ನಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮಗಳು ಹುಟ್ಟಿದಾಗ ಕೆಲವು ವರ್ಷ ಮನೆಯಲ್ಲಿದ್ದವಳು. ಮತ್ತೆ ಸೇರಿದ ಮೇಲೆ ತನ್ನ ಕೈಯಲ್ಲಿ ಕಲಿತವರೆಲ್ಲ ಮೇಲೆ ಹೋಗುವುದನ್ನು ನೋಡುತ್ತಾ ಕಾದವಳು. ಆ ಬಡ್ತಿ ಸಿಕ್ಕ ದಿನ ಅವಳು ಕಾರಿನಲ್ಲೇ ಕುಳಿತು ಅತ್ತಿದ್ದಳು. ಅದೇ ಬಡ್ತಿ ಈಗ ನನ್ನ ವಿದ್ಯಾರ್ಥಿ ಜೀವನಕ್ಕೆ ಕುತ್ತು ತಂದಿತ್ತು.

“ಹಾಗಾದ್ರೆ ಪ್ರಮೋಷನ್ ವಾಪಸ್ ಕೊಟ್ಟುಬಿಡ್ಲಾ?” ಎಂದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಶುಕ್ರವಾರದ ಒಳಗೆ ಕೋರ್ಸ್ ಬಿಟ್ರೆ ಶುಲ್ಕದಲ್ಲಿ ಹೆಚ್ಚು ಭಾಗ ವಾಪಸ್ ಬರತ್ತೆ” ಎಂದೆ ಗಂಭೀರವಾಗಿ.

ಇಬ್ಬರೂ ನಗುವುದನ್ನು ನಿಲ್ಲಿಸಿದರು. ಲೆಕ್ಕದ ಪ್ರಕಾರ ಬಿಡುವುದೇ ಸರಿ. ರಿಯಾಯಿತಿ ಇತ್ತೆಂದು ಕೊಂಡದ್ದು. ರಿಯಾಯಿತಿ ಇಲ್ಲವೆಂದ ಮೇಲೆ ಅಂಗಡಿಗೆ ಹಿಂದಿರುಗಿಸುವುದು. ನನ್ನ ಇಡೀ ಜೀವನದ ತರ್ಕ ನನ್ನ ಪಕ್ಕದಲ್ಲೇ ನಿಂತಿತ್ತು. ಆದರೂ ಆ ವಾರ ಊಟ ರುಚಿಸಲಿಲ್ಲ.

ಮಂಗಳವಾರ ಅಟ್ಲಾಂಟಾ ಪಕ್ಕದ ಸುವಾನಿಯಿಂದ ಮಗಳು ಮೇಘನಾ ಫೋನ್ ಮಾಡಿದಳು. “ಅಪ್ಪಾ, ಅಮ್ಮ ಹೇಳಿದ್ರು. ಯು ಆರ್ ಡ್ರಾಪಿಂಗ್ ಔಟ್?”

“ಡ್ರಾಪ್ ಔಟ್ ಅಲ್ಲ ಪುಟ್ಟಿ, ವಿತ್‌ಡ್ರಾ. ಲೆಕ್ಕ ಹಾಕಿ ನೋಡಿದ್ರೆ...”

“ಸೇಮ್ ಥಿಂಗ್! ನಾನು ವಯಲಿನ್ ಬಿಡ್ತೀನಿ ಅಂದಾಗ ನೀವು ಬಿಟ್ರಾ? ಷಾರ್ಲಟ್‌ಗೆ ಟ್ರಿಪ್ ಹೋದಾಗ ಊರು ಬರೋ ತನಕ ಲೆಕ್ಚರ್, ಹೋಲ್ ಡ್ರೈವ್!”

“ಆ ವಯಲಿನ್ ಈಗ ಎಲ್ಲಿದೆ?”

“ನಿಮ್ಮ ಗ್ಯಾರೇಜಲ್ಲಿ. ಡಿಟರ್ಜೆಂಟ್ ಹಿಂದೆ. ದಟ್ಸ್ ನಾಟ್ ದ ಪಾಯಿಂಟ್, ಅಪ್ಪಾ.”

ಬುಧವಾರ ಸಂಜೆ ವತ್ಸಲಾ ಚಪಾತಿ ಲಟ್ಟಿಸುತ್ತಾ, ತಲೆ ಎತ್ತದೆ, “ನಾಳೆ ಪ್ರಶ್ನೆ ಏನು?” ಎಂದಳು. ಅದು ನಮ್ಮ ಮನೆಯ ರೂಢಿಯಾಗಿತ್ತು. ಪ್ರತಿ ಬುಧವಾರ ನನ್ನ ಪ್ರಶ್ನೆಯನ್ನು ಮೊದಲು ಅವಳ ಮುಂದೆ ಒಪ್ಪಿಸಿ, ಅವಳು ಪ್ರಯೋಗಾಲಯದ ಕಣ್ಣಿನಿಂದ ಅದನ್ನು ಸೋಸಿ, ಆಮೇಲೆ ಅದು ಫೇರ್‌ಫ್ಯಾಕ್ಸ್‌ಗೆ ಹೋಗುತ್ತಿತ್ತು. ನಾನು, ಬಿಡುವವನಿಗೆ ಎಂಥ ಪ್ರಶ್ನೆ ಎಂದುಬಿಡಬೇಕಿತ್ತು. ಆದರೆ ಪ್ರಶ್ನೆ ಸಿದ್ಧವಾಗಿತ್ತು. ಅದನ್ನು ಯಾವ ಅಂಗಡಿಗೆ ಹಿಂದಿರುಗಿಸಲಿ?

ಹೇಳಿದೆ. ಅವಳು ಲಟ್ಟಣಿಗೆ ನಿಲ್ಲಿಸಿ, “ಚೆನ್ನಾಗಿದೆ ಕಣ್ರೀ. ನಮ್ಮ ಲ್ಯಾಬಲ್ಲೂ ಇದೇ ಜಗಳ. ಬಂದು ಉತ್ತರ ನನಗೂ ಹೇಳಿ” ಎಂದಳು.

ಹೆಂಡತಿಯ ವೃತ್ತಿಜೀವನಕ್ಕೆ ಅಗತ್ಯವೆಂಬ ಒಂದೇ ಕಾರಣದಿಂದ ಗುರುವಾರ ಹೋದೆ. ಕೊನೆಯ ಸಲ ಎಂದುಕೊಂಡೇ ಹೋದೆ. ಡಾನಾ ಮೇಡಂ ಬಂದರು, ನಾನು ಎದ್ದೆ. “ಇವತ್ತಿನ ಪ್ರಶ್ನೆ?” ಎಂದರು.

“ನೂರು ಸಂಖ್ಯೆಗಳು ಒಂದೆಡೆ ಗುಂಪಾಗಿರುತ್ತವೆ. ಒಂದು ಮಾತ್ರ ದೂರದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ಲೆಕ್ಕದಿಂದ ತೆಗೆಯಬೇಕೋ, ಇಟ್ಟುಕೊಳ್ಳಬೇಕೋ?”

ಕೇಳಿ ಮುಗಿಸಿದ ಮೇಲೆಯೇ ನನಗೆ ಹೊಳೆದದ್ದು: ಮೂವತ್ತು ಕರಿ, ಕಂದು, ಹೊಂಬಣ್ಣದ ತಲೆಗಳು ಕುಳಿತಿರುವ ಕೋಣೆಯಲ್ಲಿ ಒಂದೇ ಒಂದು ಬಿಳಿ ತಲೆ ಎದ್ದು ನಿಂತು ಇದನ್ನು ಕೇಳುತ್ತಿದೆ.

ಆಕೆ ಬೋರ್ಡಿನ ಮೇಲೆ ಒಂದು ಗುಂಪು ಚುಕ್ಕೆ, ದೂರದಲ್ಲಿ ಒಂದು ಒಂಟಿ ಚುಕ್ಕೆ ಇಟ್ಟರು. “ಮೊದಲು ಅದು ಅಲ್ಲಿಗೆ ಹೇಗೆ ಬಂತು ಅಂತ ನೋಡಬೇಕು. ಯಾರೋ ತಪ್ಪು ಬರೆದು ಬಂದಿದ್ದರೆ ತೆಗೆಯಿರಿ. ನಿಜವಾಗಿಯೂ ಅಲ್ಲೇ ಇದ್ದರೆ, ನಿಮ್ಮ ಲೆಕ್ಕಕ್ಕೆ ತೊಂದರೆ ಅನ್ನುವ ಕಾರಣಕ್ಕೆ ಅದನ್ನು ಬಿಸಾಡುವ ಹಾಗಿಲ್ಲ.”

ನಾನು ಬಂದದ್ದು ತಪ್ಪು ಲೆಕ್ಕದಿಂದಲೇ, ಒಪ್ಪಿದೆ. ಆದರೆ ಈಗ ನಿಜವಾಗಿಯೂ ಅಲ್ಲೇ ಇದ್ದೆ. ಕುಳಿತುಕೊಂಡೆ.

ಶುಕ್ರವಾರ ಬಂತು, ಹೋಯಿತು. ಸಂಜೆ ಶ್ರೀಪತಿ ಫೋನ್ ಮಾಡಿ, “ಬಿಟ್ಯೇನೋ?” ಎಂದ. ಇಲ್ಲ ಎಂದೆ. “ಹುಚ್ಚಾ ನಿನಗೆ? ಒಂದು ಡಾಲರೂ ವಾಪಸ್ ಬರಲ್ಲ!” ಎಂದವನು ಫೋನ್ ಇಡದೆ, “ಅಲ್ವೋ, ಆ ಕೋರ್ಸಿಗೆ ಸೇರೋಕೆ ಮುಂಚೆ ಏನಾದ್ರೂ ಓದಿರಬೇಕಾ?” ಎಂದು ಕೇಳಿದ.

ವತ್ಸಲಾಳಿಗೆ ಮುಂದಿನ ವರ್ಷ ಇನ್ನೊಂದು ಬಡ್ತಿಯ ಸೂಚನೆಯಿದೆ. ಆದ್ದರಿಂದ ನಮ್ಮ ಮನೆಯಲ್ಲಿ ಇನ್ನು ಸರ್ವಮಾನ್ಯದ ಆಸೆಯಿಲ್ಲ. ಗೆರೆಯ ಆಚೆಗೇ ನಮ್ಮ ಬಿಡಾರ. ಅವಳಿಗೆ ಹಳೆಯ ಅಭಿನಂದನೆಯ ಬಾಕಿಯನ್ನೂ ಸೇರಿಸಿ ಒಳ್ಳೆಯ ಹೋಟೆಲಿನಲ್ಲಿ ಊಟ ಕೊಡಿಸಿದೆ, ಕೂಪನ್ನಿಲ್ಲದೆ. ಗ್ಯಾರೇಜಿನಲ್ಲಿ ಅರ್ಧ ಬೆಲೆಗೆ ತಂದ ಸಾಮಾನು ಇನ್ನೂ ಪ್ಯಾಕು ಬಿಚ್ಚದೆ ಕುಳಿತಿದೆ. ಈ ದೇಶಕ್ಕೆ ಬಂದ ಮೇಲೆ ನಾನು ಪೂರ್ತಿ ಬೆಲೆ ಕೊಟ್ಟು ಕೊಂಡ ಮೊದಲ ವಸ್ತು ಈ ಕೋರ್ಸು. ಅದನ್ನು ಮಾತ್ರ ದಿನಾ ಬಳಸುತ್ತಿದ್ದೇನೆ.