ಓದದೆ ಸಹಿ ಹಾಕುವ ಮೃದುಲಾ

ವಿಜಯನಗರದ ನನ್ನ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಪಂಚಾಕ್ಷರಿಯವರು ಟೈಪ್‌ರೈಟರ್ ಇಟ್ಟುಕೊಂಡು ಕೂತು 2002ಕ್ಕೆ ಇಪ್ಪತ್ತೆರಡು ವರ್ಷವಾಗಿತ್ತು. ಬಾಡಿಗೆ ಕರಾರು, ಅಫಿಡವಿಟ್ಟು, ಎಲ್ಲ ಟೈಪ್ ಮಾಡಿಕೊಡುತ್ತಿದ್ದರು. ಪೂರ್ತಿ ಓದದೆ ಪೆನ್ನು ಎತ್ತಿದವರ ಕೈಗೆ ಸ್ಕೇಲಿನಿಂದ ಒಂದು ಏಟು. ಒಮ್ಮೆ ಪೊಲೀಸ್ ಇನ್‌ಸ್ಪೆಕ್ಟರಿಗೂ ಬಿತ್ತು.

ಇಂಥ ಮನುಷ್ಯ ಮನಸೋತದ್ದು ಯಾರಿಗೆ? ಸಂಜೆ ಏಳೂವರೆ ಧಾರಾವಾಹಿಯ ಮೃದುಲಾಗೆ! ಆ ಪೆದ್ದಿ, ನಾದಿನಿ ಚಾಚಿದ ಕಾಗದಕ್ಕೆಲ್ಲ ಸಹಿ ಹಾಕುತ್ತಾಳೆ. ಮೊದಲ ವರ್ಷ ಮನೆ ಹೋಯಿತು, ಎರಡನೇ ವರ್ಷ ಕಾರ್ಖಾನೆ ಹೋಯಿತು, ಮೂರನೇ ವರ್ಷ ಗಂಡನೇ ಹೋದ.

"ಡೈವೋರ್ಸ್ ಪೇಪರ್ ಕಣಮ್ಮ ಶಶಿಕಲಾ! ಮೇಲೆ ದಪ್ಪಕ್ಷರದಲ್ಲಿ ಬರ್ದಿದೆ. ಸೋಫಾದಲ್ಲಿ ಕೂತಿರೋ ನಂಗೆ ಕಾಣ್ಸುತ್ತೆ, ಅವ್ಳಿಗೆ ಕಾಣ್ಸಲ್ವಾ?" ಎಂದು ಮರುದಿನ ನನ್ನ ಮೇಲೆ ಕೂಗಾಡಿದರು, ನಾನೇ ಸಹಿ ಹಾಕಿಸಿದ ಹಾಗೆ.

"ಸೀರಿಯಲ್ ಬಿಟ್ಬಿಡಿ ಸಾರ್."

"ಒಂದು ಕೊನೇ ಚಾನ್ಸ್ ಕೊಡ್ತೀನಿ. ಬುದ್ಧಿ ಬರ್ಲಿಲ್ಲ ಅಂದ್ರೆ ಬಿಟ್ಟೆ."

ಅದೇ ವಾರ ಗೋವಿಂದರಾಜನಗರದ ಸೀರೆ ಅಂಗಡಿಯೊಂದರ ಉದ್ಘಾಟನೆಗೆ ಮೃದುಲಾ ಪಾತ್ರದ ನಟಿಯೇ ಬರುವವಳಿದ್ದಳು. ಪಂಚಾಕ್ಷರಿಯವರು ಛಾಪಾ ಕಾಗದ ತಂದು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು: "ಮೃದುಲಾ ಆದ ನಾನು ಸ್ವಸ್ಥ ಮನಸ್ಸಿನಿಂದ ಪ್ರಮಾಣ ಮಾಡುವುದೇನೆಂದರೆ, ಇನ್ನು ಮುಂದೆ ಯಾವ ಕಾಗದಕ್ಕೂ ಓದದೆ ಸಹಿ ಹಾಕುವುದಿಲ್ಲ." ಇಸ್ತ್ರಿ ಶರ್ಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಹೊರಟರು. ನನಗೆ ನಗು ತಡೆಯಲಾಗಲಿಲ್ಲ. ಅವಳೆಲ್ಲಿ ಬೈದು ಕಳಿಸುತ್ತಾಳೋ ಎಂದು ಸಂಕಟವೂ ಆಯಿತು.

ಎರಡು ಗಂಟೆ ಬಿಸಿಲಲ್ಲಿ ಕ್ಯೂ ನಿಂತು ಬಂದವರು ಕಾಗದವನ್ನು ನನ್ನ ಮುಂದಿಟ್ಟರು. ಕೆಳಗೆ ಮುದ್ದಾದ ಸಹಿ, ಪಕ್ಕದಲ್ಲೊಂದು ಹೂವಿನ ಚಿತ್ರ ಬೇರೆ.

"ಒಪ್ಕೊಂಡ್ಲಲ್ಲ ಸಾರ್!"

"ಎಲ್ಲಿ ಓದಿದ್ಲು? 'ಎಲ್ಲಿ ಸೈನ್ ಮಾಡ್ಲಿ ಅಂಕಲ್' ಅಂದ್ಲು, ಮಾಡಿದ್ಲು."

"ಸ್ಕೇಲು?"

"ಜೇಬಲ್ಲೇ ಇತ್ತು." ಕನ್ನಡಕ ತೆಗೆದು ಒರೆಸಿಕೊಂಡರು. "ಮನಸ್ಸು ಬರ್ಲಿಲ್ಲ ಕಣಮ್ಮ."

ಸದ್ಯ, ಸೀರಿಯಲ್ ಕಾಟ ಮುಗಿಯಿತು ಎಂದುಕೊಂಡೆ. ಏಳು ಗಂಟೆಗೆ ನೋಡಿದರೆ ಟೈಪ್‌ರೈಟರಿಗೆ ಮುಸುಕು ಹಾಕಿ ಚಪ್ಪಲಿ ಮೆಟ್ಟುತ್ತಿದ್ದಾರೆ.

"ಬಿಟ್ಟೆ ಅಂದಿದ್ರಲ್ಲ?"

"ಹೆಂಗಮ್ಮ ಬಿಡೋದು? ನಿಜವಾಗ್ಲೂ ಓದಲ್ಲ ಅವ್ಳು. ಯಾರಾದ್ರೂ ಒಬ್ರು ನೋಡ್ಕೋತಿರ್ಬೇಕು" ಎಂದವರು ಬಿರಬಿರನೆ ಮನೆ ಕಡೆ ನಡೆದರು.